ಕಲ್ಲು, ಕಡಲು ಮತ್ತು ಕನ್ನಡನಾಡಿನ ರೇವುಗಳು

ಅರಸರ ಕಾಲದ ಮೈಸೂರಿಗೆ ಕಡಲಿನ ಬಾಗಿಲು ತೆರೆದಿದ್ದುದು ಕೇವಲ ೩೬ ವರ್ಷಗಳ ಕಾಲ. ೧೭೬೩ರಲ್ಲಿ ಹೈದರಲಿಯು ಬಿದನೂರನ್ನು ಗೆದ್ದಾಗ, ಆ ಸಂಸ್ಥಾನಕ್ಕೆ ಸೇರಿದ್ದ ಕೆನರಾ ಸೀಮೆಯೂ ಅದರ ರೇವುಗಳೂ ಅವನ ಕೈಸೇರಿದುವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅವೆಲ್ಲವೂ ಕಂಪೆನಿಯ ಪಾಲಾದುವು. ಈ ನಡುವಣ ಕಾಲದಲ್ಲಿ ಮಂಗಳೂರೆಂಬ ಒಂದು ಊರಿಗಾಗಿ ಸುರಿದ ರಕ್ತವು ಅಲ್ಪವಲ್ಲ. ೧೭೬೮ರಲ್ಲಿ ಮುಂಬಯಿಯಿಂದ ಬಂದ ಆಂಗ್ಲೇಯರು ಅದನ್ನು ಹಿಡಿದರು. ಮೈಸೂರಿನವರು ಬೇಗನೆ ಮರಳಿ ಪಡೆದರು. ೧೭೮೦ರ ಡಿಸೆಂಬರಿನಲ್ಲಿ ನೌಕಾಧಿಪತಿ ಹ್ಯೂಸನು ಆ ಕರೆಯಲ್ಲಿ ಹೈದರನ ಹಡಗುಗಳನ್ನು ನಾಶಪಡಿಸಿದನು. ೧೭೮೩ರ ಮೇ ತಿಂಗಳಿಂದ ಮರುವರ್ಷದ ಜನವರಿಯವರೆಗೆ ಟಿಪ್ಪುವು ಕೋಟೆಯನ್ನು ಮುತ್ತಿ ಕುಳಿತನು. ೧೭೮೪ರ ಮಾರ್ಚಿಯಲ್ಲಿ ಅಲ್ಲಿಯೇ ಒಡಂಬಡಿಕೆಯಾಯಿತು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು.

ಆದರೆ ಇತಿಹಾಸದ ಪುಸ್ತಕಗಳು ಕೇಳದೆ ಬಿಟ್ಟಿರುವ ಪ್ರಶ್ನೆಯೊಂದುಂಟು. ಇಷ್ಟು ಬೆಲೆಬಾಳುವ ರೇವಾಗಿದ್ದರೂ ಮಂಗಳೂರಿನ ಒಳಕ್ಕೆ ದೊಡ್ಡ ಹಡಗುಗಳು ಏಕೆ ಬರಲಾಗುತ್ತಿರಲಿಲ್ಲ? ಮಳೆಗಾಲ ಬಂದೊಡನೆ ಆ ಬಾಗಿಲು ಏಕೆ ಮುಚ್ಚಿಹೋಗುತ್ತಿತ್ತು? ೧೭೮೩ರ ಆ ಮುತ್ತಿಗೆಯಲ್ಲಿ ಕೋಟೆಯೊಳಗಿದ್ದ ಆಂಗ್ಲೇಯರ ದಂಡಿಗೆ ಟಿಪ್ಪುವಿನ ಸೈನ್ಯವು ಒಂದು ಕಡೆ ಶತ್ರುವಾಗಿದ್ದರೆ, ಜೂನ್ ತಿಂಗಳ ಕಡಲು ಇನ್ನೊಂದು ಕಡೆ ಶತ್ರುವಾಗಿತ್ತು. ಇದಕ್ಕೆ ಉತ್ತರವನ್ನು ಸೇನಾಪತಿಗಳ ಕಾಗದಪತ್ರಗಳಲ್ಲಿ ಹುಡುಕಿದರೆ ಸಾಲದು. ಕಲ್ಲನ್ನೂ ಮರಳನ್ನೂ ಕೇಳಬೇಕು.

ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ ಕರಾವಳಿಯೆಂದರೆ ಇಂಗ್ಲೆಂಡಿನ ಕರಾವಳಿಯೇ. ಡೋವರಿನ ಸುಣ್ಣದ ಬಿಳಿಯ ದರಿಗಳನ್ನು ಕಣ್ಣಿನಿಂದ ಕಾಣದೆಯೇ ಚಿತ್ರಬರೆದು ಅಂಕಗಳನ್ನು ಪಡೆದವರು ನಾವು. ಮರವಂತೆಯ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ. ಆ ಪಾಠವನ್ನು ಹಳಿಯುವುದು ನಮ್ಮ ಇಷ್ಟವಲ್ಲ, ಏಕೆಂದರೆ ಅದರಲ್ಲಿದ್ದ ತತ್ತ್ವವು ಎಲ್ಲ ಕಡಲುಗಳಿಗೂ ಒಂದೇ. ಅಲೆಯು ಬಂಡೆಗೆ ಅಪ್ಪಳಿಸಿದಾಗ ಬಿರುಕುಗಳೊಳಗಿನ ಗಾಳಿಯು ಒತ್ತಡಕ್ಕೆ ಸಿಕ್ಕಿ, ನೀರು ಹಿಂಜರಿದೊಡನೆ ಸಿಡಿದಂತೆ ಹಿಗ್ಗುತ್ತದೆ. ಹೀಗೆ ದಿನಕ್ಕೆ ಸಾವಿರಾರು ಬಾರಿ ನಡೆದು ಬಿರುಕು ಅಗಲವಾಗುತ್ತದೆ. ಕಳಚಿಬಿದ್ದ ಕಲ್ಲುಗಳನ್ನೇ ಅಲೆಯು ಎತ್ತಿ ಎಸೆದು ಬಂಡೆಯ ಬುಡವನ್ನು ಉಜ್ಜುತ್ತದೆ. ಬುಡವು ಟೊಳ್ಳಾದಾಗ ಮೇಲಿನದು ಕುಸಿಯುತ್ತದೆ. ಗಟ್ಟಿಯಾದ ಕಲ್ಲು ಈ ಪೆಟ್ಟನ್ನು ತಡೆದುಕೊಂಡು ಭೂಶಿರವಾಗಿ ಮುಂದೆ ನಿಲ್ಲುತ್ತದೆ. ಮೆತುವಾದುದು ಹಿಂದಕ್ಕೆ ಸರಿದು ಕೊಲ್ಲಿಯಾಗುತ್ತದೆ. ಯಾರ್ಕ್‌ಷೈರಿನ ಕರೆಯಲ್ಲಿ ಫ್ಲಾಂಬರೋ ಭೂಶಿರದ ಸುಣ್ಣಕಲ್ಲು ಸಮುದ್ರಕ್ಕೆ ಎದೆಗೊಟ್ಟು ನಿಂತಿದೆ. ಅದರ ತೆಂಕಣಕ್ಕೇ ಇರುವ ಹೋಲ್ಡರ್‌ನೆಸ್ ಸೀಮೆಯ ನೆಲವಾದರೋ ಹಿಮನದಿಗಳು ತಂದು ಸುರಿದ ಜೇಡಿಮಣ್ಣು. ಅದು ವರ್ಷಕ್ಕೆ ಸುಮಾರು ಎರಡು ಗಜದಂತೆ ಕರಗಿಹೋಗುತ್ತಿದೆ. ರೋಮನರ ಕಾಲದಿಂದೀಚೆಗೆ ಅಲ್ಲಿ ಎಷ್ಟೋ ಹಳ್ಳಿಗಳು ಚರ್ಚುಗಳ ಸಮೇತ ನೀರುಪಾಲಾಗಿವೆ. ಒಂದೇ ಕಡಲು, ಒಂದೇ ಗಾಳಿ, ಭೇದವಿರುವುದು ಕಲ್ಲಿನಲ್ಲಿ.

ಇನ್ನು ನಮ್ಮ ಕರಾವಳಿಗೆ ಬರೋಣ. ಕಾರವಾರದಿಂದ ತಲಪಾಡಿಯವರೆಗೆ ಸುಮಾರು ೧೯೦ ಮೈಲಿಗಳ ಈ ಕರೆಯಲ್ಲಿ ಕಡಲಿಗೆ ಎದುರಾಗಿ ನಿಂತಿರುವ ವಸ್ತುಗಳು ಮುಖ್ಯವಾಗಿ ಮೂರು. ಮೊದಲನೆಯದು ಮೈಸೂರು ಪ್ರಸ್ಥಭೂಮಿಯ ಕೆಳಗೂ ಹಾಸಿರುವ ಅದೇ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆ. ಇದರ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮಿಗಿಲು. ಎರಡನೆಯದು ಅದರ ಮೇಲೆ ಹೊದಿಕೆಯಂತಿರುವ ಕೆಂಪು ಜಂಬಿಟ್ಟಿಗೆ. ಮೂರನೆಯದು ನದಿಗಳು ತಂದುಹಾಕಿದ ಮರಳು, ಮೆಕ್ಕಲು. ಇವುಗಳ ಹೊರತಾಗಿ ನಾಲ್ಕನೆಯದೊಂದು ಮಲ್ಪೆಯ ಎದುರಿನ ದ್ವೀಪಗಳಲ್ಲಿ ಮಾತ್ರ ಪ್ರಸಿದ್ಧವಾಗಿದೆ. ಅದರ ಮಾತನ್ನು ಆಮೇಲೆ ಆಡೋಣ.

ಜಂಬಿಟ್ಟಿಗೆಯ ವೃತ್ತಾಂತವು ಮೈಸೂರಿನವರಾದ ನಮಗೆ ವಿಶೇಷವಾಗಿ ಸ್ವಾರಸ್ಯವಾದುದು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕರೆದು, ಹೊಸದಾಗಿ ಕೈಸೇರಿದ ಸೀಮೆಗಳನ್ನೆಲ್ಲ ಸುತ್ತಿ ಅಲ್ಲಿಯ ಬೆಳೆ, ಜನ, ಕೈಗಾರಿಕೆ, ಮಣ್ಣು, ಕಲ್ಲು ಇವುಗಳನ್ನು ವರದಿಮಾಡಬೇಕೆಂದು ಆಜ್ಞಾಪಿಸಿದನು. ೧೮೦೦ ಮತ್ತು ೧೮೦೧ರಲ್ಲಿ ಬುಕಾನನನು ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದನು. ಮಲಬಾರಿನ ಅಂಗಾಡಿಪುರದ ಬಳಿ ಜನರು ನೆಲದಿಂದ ಕೆಂಪುಕಲ್ಲನ್ನು ಕತ್ತಿಯಿಂದ ಕತ್ತರಿಸಿ ತೆಗೆಯುತ್ತಿದ್ದುದನ್ನು ಅವನು ಕಂಡನು. ನೆಲದೊಳಗಿರುವಾಗ ಮೆತುವಾಗಿರುವ ಈ ವಸ್ತುವು ಹೊರಬಂದು ಗಾಳಿಗೆ ಒಣಗಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಆದುದರಿಂದ ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಹೆಸರಿನಿಂದಲೇ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ೧೮೦೭ರಲ್ಲಿ ಅವನ ಪ್ರವಾಸಗ್ರಂಥವು ಅಚ್ಚಾದ ಮೇಲೆ ಆ ಹೆಸರು ಲೋಕದ ಭೂವಿಜ್ಞಾನಕ್ಕೆಲ್ಲ ಸಲ್ಲುವ ಶಬ್ದವಾಯಿತು. ನಮ್ಮ ಜನರಿಗೆ ಅದು ಮೊದಲೇ ತಿಳಿದಿತ್ತೆಂಬುದನ್ನು ಹೇಳಲೇಬೇಕಾಗಿಲ್ಲ. ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ! ತುಳುನಾಡಿನವರು ಮುರಕಲ್ಲೆನ್ನುತ್ತಾರೆ, ಉತ್ತರ ಕನ್ನಡದವರು ಚಿರೇಕಲ್ಲೆನ್ನುತ್ತಾರೆ. ಕಟ್ಟುವ ಗೋಡೆ ಒಂದೇ.

ಈ ಕಲ್ಲು ಹುಟ್ಟುವ ಬಗೆಯೂ ಮಳೆಯದೇ. ಕರಾವಳಿಯಲ್ಲಿ ವರ್ಷಕ್ಕೆ ೧೪೦ ಅಂಗುಲಗಳಷ್ಟು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಹೀಗೆ ನಾಲ್ಕು ತಿಂಗಳು ನೆನೆದು, ಉಳಿದ ತಿಂಗಳುಗಳಲ್ಲಿ ಬಿಸಿಲಿಗೆ ಒಣಗುವ ಹಳೆಯ ಶಿಲೆಯಿಂದ ಸಿಲಿಕವು ಕರಗಿ ಹರಿದುಹೋಗುತ್ತದೆ. ಕಬ್ಬಿಣವೂ ಅಲ್ಯೂಮಿನವೂ ಉಳಿದು ತುಕ್ಕಿನ ಬಣ್ಣದ ಚಿಪ್ಪಾಗಿ ಮೇಲೆ ಹೆಪ್ಪುಗಟ್ಟುತ್ತವೆ. ಆದರೆ ಆ ಚಿಪ್ಪಿನ ಕೆಳಗೆ ಶೇಡಿಮಣ್ಣೆಂಬ ಬಿಳಿಯ, ಮೆತ್ತನೆಯ ಜೇಡಿಯ ಪದರವಿರುತ್ತದೆ. ಕಡಲು ಈ ಗುಡ್ಡದ ಬುಡಕ್ಕೆ ಬಂದಾಗ ಮೇಲಿನ ಚಿಪ್ಪನ್ನು ಮುಟ್ಟುವ ಗೋಜಿಗೇ ಹೋಗುವುದಿಲ್ಲ. ಕೆಳಗಿನ ಜೇಡಿಯನ್ನು ಕೊರೆದು ತೆಗೆಯುತ್ತದೆ. ಆಸರೆ ತಪ್ಪಿದ ಚಿಪ್ಪು ಮನೆಯಷ್ಟು ದೊಡ್ಡ ತುಂಡುಗಳಾಗಿ ಮುರಿದು ಬೀಳುತ್ತದೆ. ಹಾಗೆ ಬಿದ್ದ ತುಂಡುಗಳೇ ಕೆಲವು ಕಾಲ ಗುಡ್ಡದ ಪಾದಕ್ಕೆ ಕಾವಲಾಗುತ್ತವೆಂಬುದು ಇದರಲ್ಲಿನ ಒಂದು ಚೋದ್ಯ.

ಗೋಕರ್ಣದ ತೆಂಕಣದ ಗುಡ್ಡಗಳನ್ನು ಹತ್ತಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೆ ಬೋಳಾದ, ಚಪ್ಪಟೆಯಾದ ಕೆಂಪು ನೆತ್ತಿ. ಕೆಳಗೆ ನೀರಿನಲ್ಲಿ ಮಿಂದು ಕಪ್ಪಾದ ಬಂಡೆಗಳು. ಒಂದು ಭೂಶಿರಕ್ಕೂ ಇನ್ನೊಂದಕ್ಕೂ ನಡುವೆ ಕುಡಲೆಯಂತಹ ಅರ್ಧಚಂದ್ರದ ಮರಳು. ಓಂ ಕಡಲತೀರವೆಂದು ಹೆಸರಾದ ಕಡೆಯಲ್ಲಿ ಎರಡು ಅರ್ಧಚಂದ್ರಗಳ ನಡುವೆ ಬಂಡೆಯ ಮೂಗೊಂದು ಚಾಚಿಕೊಂಡಿದೆ. ಭಕ್ತರು ಅದರಲ್ಲಿ ಪ್ರಣವವನ್ನು ಕಾಣಲಿ. ಅಲೆಯು ಗಟ್ಟಿಯನ್ನು ಬಿಟ್ಟು ಮೆತುವಾದುದನ್ನು ತಿಂದ ಲೆಕ್ಕವನ್ನು ನಾವು ಕಾಣುತ್ತೇವೆ. ಎರಡಕ್ಕೂ ವಿರೋಧವೇನಿಲ್ಲ.

ಇನ್ನೂ ಬಡಗಣಕ್ಕೆ, ಕಾರವಾರದಲ್ಲಿ, ಘಟ್ಟದ ತೋಳುಗಳೇ ಸಮುದ್ರದೊಳಕ್ಕೆ ಇಳಿದಿವೆ. ಅವುಗಳ ತುದಿಗಳು ಕಡಲಿನಲ್ಲಿ ಮುಳುಗಿ, ಮತ್ತೆ ಕೂರ್ಮಗಡ, ದೇವಗಡ, ಅಂಜದೀವ ಎಂಬ ದ್ವೀಪಗಳಾಗಿ ತಲೆಯೆತ್ತುತ್ತವೆ. ಕಾರವಾರದ ಭೂಶಿರವು ನೈಋತ್ಯದ ಅಲೆಗಳಿಗೆ ಅಡ್ಡವಾಗಿ ನಿಂತಿರುವುದರಿಂದ ಅದರ ಮರೆಯಲ್ಲಿರುವ ಬೈತಖೋಲದಲ್ಲಿ ಮಳೆಗಾಲದಲ್ಲಿಯೂ ನೀರು ಶಾಂತವಾಗಿರುತ್ತದೆ. ೧೭ನೆಯ ಶತಮಾನದಲ್ಲಿಯೇ ಆಂಗ್ಲೇಯರು ಮೆಣಸಿನ ವ್ಯಾಪಾರಕ್ಕಾಗಿ ಕಾರವಾರದಲ್ಲಿ ಕೋಠಿಯನ್ನು ಹೂಡಿದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಈ ಕೊಲ್ಲಿಯ ಅರ್ಧಚಂದ್ರಾಕಾರವನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದುದರಲ್ಲಿ ಈ ರೇವಿನ ಆಸೆಯೂ ಇತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆಯು ಏರಿದ್ದಾಗ ಧಾರವಾಡದ ಹತ್ತಿಯನ್ನು ಇಲ್ಲಿಂದ ಸಾಗಿಸಬೇಕೆಂಬುದು ವರ್ತಕರ ಹಂಬಲ. ಇಷ್ಟೆಲ್ಲ ಇದ್ದೂ ಕಾರವಾರವು ಮಹಾನಗರವಾಗಲಿಲ್ಲ. ೧೮೮೦ರ ದಶಕದಲ್ಲಿ ರೈಲು ಮುರ್ಮುಗೋವೆಗೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಬಂದರನ್ನು ಕಾಯುವ ಬೆಟ್ಟವೇ ಬಂದರಿಗೆ ಬರುವ ದಾರಿಯನ್ನೂ ತಡೆಯುತ್ತದೆ. ಆದುದರಿಂದ ಕಲ್ಲೇ ಸರ್ವಸ್ವವೆಂದು ನಾವು ವಾದಿಸತಕ್ಕವರಲ್ಲ. ಆದರೂ ೨೦೦೫ರಲ್ಲಿ ಭಾರತದ ನೌಕಾಪಡೆಯು ಕದಂಬವೆಂಬ ದೊಡ್ಡ ನೆಲೆಯನ್ನು ಕಾರ್ಯಾರಂಭ ಮಾಡಿಸಿದಾಗ ಆರಿಸಿಕೊಂಡದ್ದು ಇದೇ ಬೆಟ್ಟಗಳ ಮರೆಯನ್ನು.

ಈಗ ಮಲ್ಪೆಯ ದ್ವೀಪಗಳ ಮಾತು. ಮಲ್ಪೆಯಿಂದ ದೋಣಿಯೇರಿ ಮೂರು ನಾಲ್ಕು ಮೈಲಿ ಹೋದರೆ ತೋನ್ಸೆಪಾರೆಂದೂ ಸಂತ ಮೇರಿಯ ದ್ವೀಪಗಳೆಂದೂ ಹೆಸರುಳ್ಳ ಸಣ್ಣ ದ್ವೀಪಗಳ ಸಾಲು ಸಿಕ್ಕುತ್ತದೆ. ೧೪೯೮ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಈ ಕರೆಯ ದ್ವೀಪವೊಂದರಲ್ಲಿ ಕಂಬವನ್ನು ನೆಟ್ಟು ಸಂತ ಮೇರಿಯ ಹೆಸರನ್ನಿಟ್ಟನೆಂದು ಪ್ರಸಿದ್ಧಿ. ಆದರೆ ಅವನ ಕಂಬವು ಬರುವುದಕ್ಕೆ ಬಹು ಹಿಂದೆಯೇ ಅಲ್ಲಿ ಸಾವಿರಾರು ಕಂಬಗಳು ನಿಂತಿದ್ದುವು! ದ್ವೀಪವೇ ಕಂಬಗಳಿಂದಾದುದು. ಐದು, ಆರು, ಏಳು ಮೂಲೆಗಳ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು, ಕೆಲವು ೨೦ ಅಡಿಗಳಷ್ಟು ಎತ್ತರಕ್ಕೆ, ಶಿಲ್ಪಿಯು ಉಳಿಯಿಂದ ಕಡೆದಿಟ್ಟಂತೆ ನಿಂತಿವೆ. ಇದು ಮನುಷ್ಯನ ಕೆಲಸವಲ್ಲ. ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವೂ ಭಾರತವೂ ಒಂದೇ ಭೂಖಂಡದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿನಿಂದ ಉಕ್ಕಿದ ಶಿಲಾರಸವು ಇಲ್ಲಿ ಹರಡಿ ತಣ್ಣಗಾಯಿತು. ಕೆರೆಯ ಕೆಸರು ಬೇಸಗೆಯಲ್ಲಿ ಒಣಗುವಾಗ ಹೇಗೆ ಮೂಲೆಮೂಲೆಯಾಗಿ ಬಿರಿಯುತ್ತದೆಯೋ ಹಾಗೆಯೇ ಶಿಲಾರಸವೂ ತಣಿಯುತ್ತ ಕುಗ್ಗಿ ಬಿರಿಯಿತು. ತಂಪು ಒಳಕ್ಕಿಳಿದಂತೆಲ್ಲ ಬಿರುಕೂ ಒಳಕ್ಕಿಳಿದು ಕಂಬವಾಯಿತು. ಎಂದರೆ, ಪಡುವಣ ಕರಾವಳಿಯು ಹೇಗೆ ಹುಟ್ಟಿತೆಂಬುದಕ್ಕೆ ಈ ದ್ವೀಪಗಳೇ ಸಾಕ್ಷಿ. ಸರ್ಕಾರದ ಭೂವಿಜ್ಞಾನ ಇಲಾಖೆಯು ಇವನ್ನು ರಾಷ್ಟ್ರೀಯ ಸ್ಮಾರಕವೆಂದು ಎಣಿಸಿರುವುದು ಯುಕ್ತವಾಗಿಯೇ ಇದೆ.

ಕಂಬಗಳ ನಡುವಿನ ಬಿರುಕುಗಳೇ ಕಡಲಿಗೆ ದಾರಿ. ಅಲೆಯು ಕಂಬವನ್ನು ಸವೆಸುವುದಿಲ್ಲ, ಕೀಳುತ್ತದೆ. ಒಂದೊಂದಾಗಿ ಮುರಿದ ಕಂಬಗಳ ತಲೆಗಳು ಮೆಟ್ಟಿಲುಗಳಂತೆ ನೀರಿಗಿಳಿದಿವೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ಇಲ್ಲಿಯ ದಡದ ಮೇಲೆ ಮರಳಿಗಿಂತ ಕಪ್ಪೆಚಿಪ್ಪುಗಳೇ ಹೆಚ್ಚು. ನದಿಯಿಲ್ಲದ ದ್ವೀಪಕ್ಕೆ ಮರಳನ್ನು ತಂದುಕೊಡುವವರಾರು? ಮರಳು ಕಡಲಿನ ಸ್ವಂತ ಆಸ್ತಿಯಲ್ಲ. ಅದು ಘಟ್ಟದಿಂದ ನದಿಯು ಹೊತ್ತುತಂದು ಕಡಲಿಗೆ ಕೊಟ್ಟ ಸಾಲ. ಮುಂದೆ ಹೇಳುವ ಸಂಗತಿಗಳಿಗೆಲ್ಲ ಈ ಮಾತೇ ಬೀಗದಕೈ.

ಸುಮಾರು ೨೦,೦೦೦ ವರ್ಷಗಳ ಹಿಂದೆ ಭೂಮಿಯ ನೀರಿನ ದೊಡ್ಡ ಭಾಗವು ಹಿಮವಾಗಿ ಉತ್ತರದೇಶಗಳ ಮೇಲೆ ಕುಳಿತಿದ್ದಾಗ ಕಡಲಿನ ಮಟ್ಟವು ಈಗಿನದಕ್ಕಿಂತ ೪೦೦ ಅಡಿಗಳಷ್ಟು ಕೆಳಗಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಆಗ ಇನ್ನೂ ಪಡುವಣಕ್ಕೆ ಹರಿದು, ಆಳವಾದ ಕಣಿವೆಗಳನ್ನು ಕೊರೆದುಕೊಂಡಿದ್ದುವು. ಹಿಮವು ಕರಗಿ ಕಡಲು ಏರಿದಾಗ ಆ ಕಣಿವೆಗಳ ಬಾಯಿಗಳು ಮುಳುಗಿ ಅಗಲವಾದ ಹಿನ್ನೀರುಗಳಾದುವು. ಆಮೇಲೆ ಕಡಲು ಮರಳನ್ನು ಎಳೆದೆಳೆದು ಆ ಬಾಯಿಗಳಿಗೆ ಅಡ್ಡಲಾಗಿ ದಿಣ್ಣೆ ಕಟ್ಟಿತು. ನದಿಯು ದಿಣ್ಣೆಯನ್ನು ಒಡೆದುಕೊಂಡು ಹೊರಡುವ ಕಡೆಗೆ ನಮ್ಮವರು ಅಳಿವೆಯೆನ್ನುತ್ತಾರೆ; ದಿಣ್ಣೆಯ ಉದ್ದನೆಯ ನಾಲಗೆಗೆ ಬೆಂಗ್ರೆಯೆನ್ನುತ್ತಾರೆ. ಕೋಡಿಬೆಂಗ್ರೆ, ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಎಂಬ ಊರುಗಳ ಹೆಸರುಗಳೇ ಭೂಗೋಳದ ಪಾಠಗಳು. ಮರವಂತೆಯಲ್ಲಿ ಸೌಪರ್ಣಿಕೆಯು ಕಡಲಿನ ಮಗ್ಗುಲಿಗೆ ಬಂದೂ ಅದನ್ನು ಸೇರಲಾರದೆ, ನಡುವೆ ಒಂದು ರಸ್ತೆಯಷ್ಟೇ ಅಗಲದ ನೆಲವನ್ನು ಉಳಿಸಿ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ದಾರಿಹೋಕನಿಗೆ ಒಂದು ಕಿವಿಯಲ್ಲಿ ಅಲೆಯ ಮೊರೆತ, ಇನ್ನೊಂದು ಕಿವಿಯಲ್ಲಿ ಹೊಳೆಯ ಮೌನ.

ಈ ಮರಳಿನ ದಿಣ್ಣೆಗಳೇ ನಮ್ಮ ಹಳೆಯ ರೇವುಗಳ ಭಾಗ್ಯವನ್ನು ಬರೆದುವು. ಬಾರಕೂರು ಸೀತಾನದಿಯ ದಂಡೆಯಲ್ಲಿದೆ. ಬಸರೂರು ಕುಂದಾಪುರದಿಂದ ಸುಮಾರು ನಾಲ್ಕು ಮೈಲಿ ಒಳಕ್ಕೆ, ಹಾಲಾಡಿ ಹೊಳೆಯ ಮೇಲಿದೆ. ಮಿರ್ಜಾನವು ಅಘನಾಶಿನಿಯ ಒಳಗಿದೆ. ೧೪ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನು ಹೊನ್ನಾವರವು ಕಡಲಿನಿಂದ ಅರ್ಧ ಮೈಲಿ ಒಳಗೆ, ದೊಡ್ಡ ಹಡಗುಗಳು ಬರಬಹುದಾದ ಹಿನ್ನೀರಿನ ಮೇಲಿದೆಯೆಂದು ಬರೆದಿಟ್ಟನು. ಇವಾವುವೂ ತೆರೆಗಡಲಿನ ರೇವುಗಳಲ್ಲ. ಗಾತ್ರದಲ್ಲಿ ಸಣ್ಣವಾದ ಆಗಿನ ಹಡಗುಗಳು ಭರತದ ಸಮಯವನ್ನು ನೋಡಿ ಅಳಿವೆಯನ್ನು ದಾಟಿ ಒಳಕ್ಕೆ ಬಂದು ಗಾಳಿಯ ಭಯವಿಲ್ಲದೆ ನಿಲ್ಲುತ್ತಿದ್ದುವು. ಬಸರೂರಿನ ಅಕ್ಕಿಯು ಗೋವೆಗೂ ಅರಬ್ಬೀ ಕರೆಗೂ ಹೋಗುತ್ತಿತ್ತು. ೧೫೬೮–೬೯ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳನ್ನು ಹಾಕಿದಾಗ ಅವರು ಹಿಡಿದದ್ದು ಊರನ್ನಲ್ಲ, ಹೊಳೆಯ ಕುತ್ತಿಗೆಯನ್ನು. ೧೬೬೫ರಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆಮಾಡಿದನೆಂದರೆ ಅದರ ಸಂಪತ್ತು ಎಷ್ಟಿದ್ದಿರಬೇಕು! ಇಂದು ಬಸರೂರಿಗೆ ಹೋದವರು ಹಳೆಯ ದೇವಸ್ಥಾನಗಳನ್ನು ನೋಡಿ ಬರುತ್ತಾರೆ. ರಾಜ್ಯಗಳು ಬದಲಾದುದೂ ವ್ಯಾಪಾರದ ದಾರಿ ತಪ್ಪಿದುದೂ ನಿಜ. ಹಡಗುಗಳು ದೊಡ್ಡವಾದಂತೆಲ್ಲ ಅಳಿವೆಯ ಮರಳು ಮಾತ್ರ ಆಳವಾಗಲಿಲ್ಲವೆಂಬುದೂ ಅಷ್ಟೇ ನಿಜ.

ಮಂಗಳೂರಿನ ಕಥೆಯೂ ಇದೇ. ನೇತ್ರಾವತಿ, ಗುರುಪುರ ಎಂಬ ಎರಡು ಹೊಳೆಗಳು ಎರಡು ಕಡೆಗಳಿಂದ ಬಂದು ಊರಿನ ಮುಂದೆ ಕೂಡಿ ಒಂದೇ ಅಳಿವೆಯಿಂದ ಕಡಲಿಗಿಳಿಯುತ್ತವೆ. ಬಡಗಣಕ್ಕೆ ಬೆಂಗ್ರೆಯ ನಾಲಗೆ, ತೆಂಕಣಕ್ಕೆ ಉಳ್ಳಾಲದ ನಾಲಗೆ. ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯು ಗುರುಪುರ ಹೊಳೆಯ ಮೇಲೆ ಕಣ್ಣಿಟ್ಟು ಕುಳಿತಿದೆ. ಶತ್ರುವು ಬರಬಹುದಾಗಿದ್ದುದು ಆ ದಾರಿಯಿಂದಲೇ. ಹೊಳೆಗಳು ತಂದ ಜೇಡಿಯಿಂದ ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದರು. ಮೈಸೂರು ಸೀಮೆಯ ಎಷ್ಟೋ ಹಳೆಯ ಮನೆಗಳ ತಲೆಯ ಮೇಲೆ ಇಂದಿಗೂ ಮಂಗಳೂರಿನ ಹಂಚಿದೆ. ಆದರೆ ಜೇಡಿಯನ್ನು ಕೊಟ್ಟ ಹೊಳೆಯೇ ಮರಳನ್ನೂ ತಂದು ಬಾಗಿಲಿಗೆ ಸುರಿಯಿತು. ದೊಡ್ಡ ಹಡಗುಗಳು ದೂರದ ಕಡಲಿನಲ್ಲಿಯೇ ಲಂಗರುಹಾಕಿ ನಿಲ್ಲಬೇಕು. ಕಾಫಿ, ಗೋಡಂಬಿ, ಹಂಚುಗಳನ್ನು ದೋಣಿಗಳಲ್ಲಿ ಹೊತ್ತು ಅಳಿವೆ ದಾಟಿಸಿ ಮುಟ್ಟಿಸಬೇಕು. ಜೂನಿನಲ್ಲಿ ಅದೂ ಇಲ್ಲ. ಕೊನೆಗೆ ಅಳಿವೆಯ ಆಸೆಯನ್ನೇ ಬಿಟ್ಟು, ಊರಿನ ಬಡಗಣಕ್ಕೆ ಪಣಂಬೂರಿನಲ್ಲಿ ನೆಲವನ್ನು ಅಗೆದು ಹೊಸ ಬಂದರನ್ನು ಮಾಡಿದರು. ಅದು ೧೯೭೫ರಲ್ಲಿ ಉದ್ಘಾಟಿತವಾಯಿತು. ಹೈದರ್ ಟಿಪ್ಪುಗಳು ಯಾವ ಬಾಗಿಲಿಗಾಗಿ ಕಾದಿದರೋ ಅದರಲ್ಲಿ ಈಗ ಹೆಚ್ಚಾಗಿ ಮೀನಿನ ದೋಣಿಗಳು ಓಡಾಡುತ್ತವೆ.

ಅಳಿವೆಯನ್ನು ಕಲ್ಲಿನಿಂದ ಬಿಗಿಯುವ ಪ್ರಯತ್ನವೂ ನಡೆಯಿತು. ೧೯೯೦ರ ದಶಕದಲ್ಲಿ ನೇತ್ರಾವತಿಯ ಬಾಯಿಗೆ ಎರಡು ಕಡೆ ಅಲೆತಡೆ ಗೋಡೆಗಳನ್ನು ಚಾಚಿದರು. ದೋಣಿಗಳಿಗೆ ದಾರಿಯಾಯಿತು. ಆದರೆ ಬಾಯಿಯನ್ನು ದಾಟಿ ಆಚೆಗೂ ಈಚೆಗೂ ಸರಿದಾಡುತ್ತಿದ್ದ ಮರಳಿನ ನಡಿಗೆಗೆ ಅಡ್ಡಿಯಾಯಿತು. ತೆಂಕಣದ ಉಳ್ಳಾಲದಲ್ಲಿ ಕಡಲ್ಕೊರೆತವು ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಹೊಳೆಯ ಮರಳನ್ನು ಮನೆಕಟ್ಟಲು ಎತ್ತುವುದೂ, ಅಡ್ಡಗಟ್ಟೆಗಳ ಹಿಂದೆ ಅದು ನಿಂತುಬಿಡುವುದೂ ಕಡಲಿನ ಸಾಲವನ್ನು ಕಡಿಮೆಮಾಡುತ್ತವೆ. ಸಾಮಾನ್ಯವಾಗಿ ಮಳೆಗಾಲದ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ಇಡುತ್ತವೆ; ದೀಪಾವಳಿಯ ಮೇಲೆ ಕಡಲು ಶಾಂತವಾದಾಗ ಅದು ಮೆಲ್ಲಮೆಲ್ಲನೆ ಮರಳಿ ಬರುತ್ತದೆ. ಬರುವುದು ಹೋದುದಕ್ಕಿಂತ ಕಡಿಮೆಯಾದರೆ ದಡವು ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ; ಮೊದಲು ತೆಂಗಿನಮರ, ಆಮೇಲೆ ಬಲೆಯ ಚಪ್ಪರ, ಆಮೇಲೆ ಮನೆ. ಸರ್ಕಾರವು ಬಂಡೆಗಳನ್ನು ರಾಶಿಹಾಕಿ ಗೋಡೆ ಕಟ್ಟಿಸಿತು. ಅಲೆಯು ಗೋಡೆಯ ಬುಡದ ಮರಳನ್ನು ತೆಗೆದು ಬಂಡೆಗಳನ್ನು ನುಂಗಿತು. ೨೦೧೦ರ ದಶಕದಲ್ಲಿ ಕಡಲಿನೊಳಗೇ ಕೃತಕವಾದ ದಿಣ್ಣೆಗಳನ್ನು ಹೂಡಿ ಅಲೆಯ ಬಲವನ್ನು ಮುರಿಯುವ ಕಾರ್ಯವೂ ನಡೆಯಿತು. ಗೋಡೆಗೆ ಬೇಕಾದ ಬಂಡೆಯನ್ನು ಒಳನಾಡಿನ ಗುಡ್ಡಗಳಿಂದ ಒಡೆದು ತರಬೇಕು. ಎಲ್ಲಿ ಪ್ರಕೃತಿಯು ಕಲ್ಲನ್ನಿಡಲಿಲ್ಲವೋ ಅಲ್ಲಿ ನಾವು ಲಾರಿಯಿಂದ ಇಡುತ್ತಿದ್ದೇವೆ!

ಉಳ್ಳಾಲದಿಂದ ಇನ್ನೂ ಸ್ವಲ್ಪ ತೆಂಕಣಕ್ಕೆ ನಡೆದರೆ ಸೋಮೇಶ್ವರ. ಅಲ್ಲಿ ದೇವಾಲಯದ ಪಾದದಡಿ ಕಡಲಿಗೆ ಚಾಚಿದ ದೊಡ್ಡ ಬಂಡೆಗಳಿವೆ. ಜನರು ಅವನ್ನು ರುದ್ರಶಿಲೆಯೆನ್ನುತ್ತಾರೆ. ನಾವು ಒಂದು ಆಷಾಢದಲ್ಲಿ ಅಲ್ಲಿ ನಿಂತಿದ್ದೆವು. ಆಳೆತ್ತರಕ್ಕಿಂತ ಮಿಗಿಲಾದ ಅಲೆಗಳು ಒಂದರ ಹಿಂದೊಂದು ಬಂದು ಬಂಡೆಯ ಮೇಲೆ ಒಡೆಯುತ್ತಿದ್ದುವು. ದೇವಾಲಯದ ಮೆಟ್ಟಿಲು ನೆನೆದಿತ್ತು, ಅಷ್ಟೇ. ಬಡಗಣಕ್ಕೆ ತಿರುಗಿ ನೋಡಿದರೆ, ಅದೇ ಅಲೆಗಳು ಮರಳಿನ ದಡದ ಮೇಲೆ ಹರಿದು ಒಂದು ಮನೆಯ ಹಿತ್ತಿಲ ಗೋಡೆಯವರೆಗೆ ಬಂದಿದ್ದುವು. ಮನೆಯವರು ಹಂಚುಗಳನ್ನು ಒಂದೊಂದಾಗಿ ಇಳಿಸಿ ರಸ್ತೆಯ ಪಕ್ಕದಲ್ಲಿ ಅಟ್ಟಿಯಿಡುತ್ತಿದ್ದರು.